ಅವಳಿಗೆ ಬಂದ ಕರೆ

ನನ್ನ ಫೋನಿನಲ್ಲಿ ಎರಡು ಸಿಮ್‌ಗಳಿದ್ದವು. ಒಂದು ನನ್ನದು, ಇನ್ನೊಂದು ನನ್ನ ಗೆಳತಿಯದು.

ಇದು ನಾವಿಬ್ಬರೂ ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತ ಕಾಲದ ಏರ್ಪಾಡು. ನನ್ನ ಮನೆ ದಾಂಡೇಲಿಯಲ್ಲಿ, ಅಪ್ಪನ ಕಿರಾಣಿ ಅಂಗಡಿಯ ಹಿಂಬದಿಗೆ. ಅವಳದು ಜೋಯಿಡಾ ತಾಲ್ಲೂಕಿನಲ್ಲಿ, ಗಣೇಶಗುಡಿಯಿಂದ ಒಳಕ್ಕೆ, ಕಾಡಿನ ನಡುವಿನ ಸಣ್ಣದೊಂದು ಕೇರಿ. ಕಾಲೇಜಿನ ಮೂರು ವರ್ಷ ಅವಳು ಬಂಗೂರನಗರದ ಹತ್ತಿರ ಹಾಸ್ಟೆಲಿನಲ್ಲಿದ್ದಳು. ಓದು ಮುಗಿದ ಮೇಲೆ ಊರಿಗೆ ಹೋದಳು. ಅಲ್ಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿ ಒಂದು ಬಂಡೆಯ ಮೇಲೆ ನಿಂತರೆ ಒಮ್ಮೊಮ್ಮೆ ಸಿಗುತ್ತದೆ, ಮಳೆ ಹಿಡಿದರೆ ಅದೂ ಇಲ್ಲ.

ಕೆಲಸವಿಲ್ಲದ ಪದವೀಧರರಿಗೆ ಸರಕಾರ ಕೊಡುವ ಯುವನಿಧಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ಅದು ಬರುತ್ತಿರಬೇಕಾದರೆ ನಿಗದಿತ ದಿನದೊಳಗೆ ಜಾಲತಾಣಕ್ಕೆ ಹೋಗಿ, ನನಗಿನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ ಎಂದು ಸ್ವಯಂಘೋಷಣೆ ಕೊಡಬೇಕು. ಆಗ ಫೋನಿಗೆ ಒಟಿಪಿ ಬರುತ್ತದೆ. ಅವಳು ಬಂಡೆಯ ಮೇಲೆ ನಿಂತು ಪುಟ ತೆರೆದರೂ, ನಡುವೆ ಸಿಗ್ನಲ್ ಹೋಗಿ ಒಟಿಪಿ ಕೈಸೇರುವಷ್ಟರಲ್ಲಿ ಅದರ ಗಡುವು ಮುಗಿದಿರುತ್ತಿತ್ತು. ಒಂದು ಸಲ ಹೀಗೆ ಘೋಷಣೆ ತಪ್ಪಿ ಅವಳ ಹಣ ನಿಂತೂ ಹೋಯಿತು. ಆಮೇಲಿನ ಸಂತೆಯ ದಿನ ಅವಳು ಅಂಗಡಿಗೆ ಬಂದವಳು ತನ್ನ ಸಿಮ್ ಕಳಚಿ ನನ್ನ ಅಂಗೈಯಲ್ಲಿಟ್ಟಳು.

"ನಿನ್ನ ಫೋನ್‌ನ್ಯಾಗ ಇನ್ನೊಂದು ಖೋಲಿ ಖಾಲಿ ಐತಲ್ಲ, ಇದನ್ನ ಬಾಡಿಗಿಗೆ ಇಟ್ಗೊ."

"ಬಾಡಿಗಿ ಏನ್ ಕೊಡ್ತಿ?"

"ಮುರುಗಲ ಸಿಪ್ಪಿ. ನಿಮ್ಮಜ್ಜಿ ಸಾರಿಗೆ ಹಾಕ್ತಾರ."

ಅಂದಿನಿಂದ ಫೋನಿನ ಮಟ್ಟಿಗೆ ನಾನೇ ಅವಳಾದೆ. ಅವಳ ಘೋಷಣೆಯನ್ನೂ ನಾನೇ ಒತ್ತುತ್ತಿದ್ದೆ. ಬ್ಯಾಂಕಿನಿಂದ ಕರೆ ಬಂದರೆ, ಅರ್ಜಿಯ ವಿಚಾರಕ್ಕೆ ಯಾರಾದರೂ ಅವಳ ಹೆಸರು ಹೇಳಿ ನೀವೇನಾ ಎಂದು ಕೇಳಿದರೆ, "ಹೌದ್ರಿ, ನಾನ" ಎನ್ನುತ್ತಿದ್ದೆ. ಮೊದಲ ಸಲ ತಡವರಿಸಿದ್ದೆ. ಆಮೇಲೆ ರೂಢಿಯಾಯಿತು. ತುರ್ತಿನ ಸಂಗತಿ ಇದ್ದರೆ ವಸ್ತಿ ಬಸ್ಸಿನ ಕಂಡಕ್ಟರಿಗೆ ಹೇಳುತ್ತಿದ್ದೆ. ಸಂಜೆ ದಾಂಡೇಲಿ ಬಿಟ್ಟು ಅವಳ ಊರಿನ ಹತ್ತಿರ ರಾತ್ರಿ ತಂಗಿ ಮುಂಜಾನೆ ತಿರುಗಿ ಬರುವ ಬಸ್ಸು ಅದು. ಕಂಡಕ್ಟರ್ ಊರಿನವರಿಗೆ ಔಷಧಿ, ಬೀಡಿ, ಮದುವೆಯ ಕರೆಯೋಲೆಗಳನ್ನು ಒಯ್ಯುವ ಹಾಗೆಯೇ ನನ್ನ ಮಾತನ್ನೂ ಒಯ್ಯುತ್ತಿದ್ದ.

ಹಣ ಬರುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಮಾತಾಡುತ್ತಿದ್ದವಳು ಅಜ್ಜಿ ಮಾತ್ರ. ಅಂಗಡಿಗೆ ಬಂದ ಗಿರಾಕಿಗಳಿಗೆ, "ನಮ್ಮ ಹುಡುಗಿಗೆ ಸುಮ್ನ ಕುಂದ್ರಾಕ ಸರಕಾರ ಪಗಾರ ಕೊಡ್ತೈತ್ರಿ. ನಾ ಇಷ್ಟ ವರ್ಷ ಸುಮ್ನ ಕುಂತೇನಿ, ನನಗ ಯಾರೂ ಕೊಡಲಿಲ್ಲ," ಎಂದು ಹೇಳಿ ನಗಿಸುತ್ತಿದ್ದಳು. ಅದು ತಮಾಷೆ. ಆದರೆ ಹಳಿಯಾಳದ ಕಡೆಯ ನಮ್ಮ ಹಳ್ಳಿಯಿಂದ ಅಜ್ಜಿ ತಂದ ಒಂದು ಪದ್ಧತಿ ತಮಾಷೆಯಲ್ಲ. ಮನೆಯಲ್ಲಿ ಯಾರು ಮೊದಲ ಸಲ ದುಡಿದು ತಂದರೂ ಆ ದುಡಿಮೆಯಿಂದ ಹೋಳಿಗೆ ಮಾಡಿ ಮಠದ ಅಯ್ಯನವರನ್ನು ಕರೆದು ಊಟಕ್ಕೆ ಹಾಕಬೇಕು. ನನಗೆ ಯುವನಿಧಿ ಬಂದ ಮೊದಲ ತಿಂಗಳು, ಬೇಳೆ ಬೆಲ್ಲ ನಾನು ತರುತ್ತೇನೆ ಎಂದೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅದು ಕಾಯಕದ್ದಲ್ಲವಾ. ಕಾಯಕದ್ದು ಬರ್ಲಿ, ಆಮ್ಯಾಲ ನೋಡೂಣು."

ಅವಳು ಬೈದು ಹೇಳಲಿಲ್ಲ. ಬೆಂಕಿಪೊಟ್ಟಣ ಅಲ್ಲಿಲ್ಲ, ಇಲ್ಲಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ನಾನು ದಿನವೂ ಸಂಜೆ ಅಪ್ಪನ ಅಂಗಡಿಯಲ್ಲಿ ಕುಳಿತು ಸಾಮಾನು ಕಟ್ಟಿಕೊಡುತ್ತಿದ್ದೆ. ಅದು ಕಾಯಕವೋ ಅಲ್ಲವೋ? ಕಾಯಕವಾದರೆ, ನನಗೆ ಕೆಲಸವಿಲ್ಲ ಎಂದು ಘೋಷಿಸಿದ್ದು ಸರಿಯೋ? ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಲಿಲ್ಲ.

ಗೆಳತಿಗೆ ಇಂಥ ಪ್ರಶ್ನೆಗಳಿಗೆ ಪುರುಸೊತ್ತಿರಲಿಲ್ಲ. ಅವಳ ಮಾವಶಿ, ಎಂದರೆ ತಾಯಿಯ ತಂಗಿ, ಗೋವಾದಲ್ಲಿ ದೊಡ್ಡ ಮನೆಗಳಲ್ಲಿ ಕಸಮುಸುರೆ ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ಗಣಪತಿ ಹಬ್ಬಕ್ಕೆ ಊರಿಗೆ ಬಂದು, ಹೋಗುವಾಗ ಒಬ್ಬಿಬ್ಬರು ಹುಡುಗಿಯರನ್ನು ಜೊತೆಗೆ ಕರೆದೊಯ್ಯುತ್ತಿದ್ದಳು. ಈ ವರ್ಷದ ಸರದಿ ಗೆಳತಿಯದು ಎಂದು ಮನೆಯಲ್ಲಿ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಯುವನಿಧಿ ಸಿಗುವುದು ಎರಡೇ ವರ್ಷ, ಅದೂ ಮುಗಿಯುತ್ತ ಬಂದಿತ್ತು. ಹಬ್ಬದೊಳಗೆ ಇಲ್ಲೇ ಒಂದು ನೌಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಗೋವಾ. ತನ್ನ ಕೇರಿಯಲ್ಲಿ ಪದವಿ ಮುಗಿಸಿದ ಮೊದಲ ಹುಡುಗಿ ಅವಳು.

ಹೀಗಿರುವಾಗ ಹಳಿಯಾಳದಲ್ಲಿ ಉದ್ಯೋಗ ಮೇಳ ನಡೆಯಿತು. ಹೊರಗೆ ಮಳೆ, ಪೆಂಡಾಲಿನ ಕೆಳಗೆ ಕೆಸರು, ಕೆಸರಿನಲ್ಲಿ ಇಸ್ತ್ರಿ ಹೊಡೆದ ಬಟ್ಟೆ ತೊಟ್ಟ ನೂರಾರು ಜನ. ದೊಡ್ಡ ಕಂಪನಿಗಳ ಮೇಜುಗಳ ಮುಂದೆ ಸಾಲು ಮುಂದಕ್ಕೇ ಸರಿಯುತ್ತಿರಲಿಲ್ಲ. ಕೊನೆಯ ಮೇಜಿನಲ್ಲಿ ಗಣೇಶಗುಡಿಯ ಒಂದು ರಿಸಾರ್ಟಿನವರಿದ್ದರು. ಹಬ್ಬದ ಮೇಲೆ ರಾಫ್ಟಿಂಗ್ ಶುರುವಾಗುತ್ತದೆ, ಮುಂದಿನ ಡೆಸ್ಕಿಗೆ ಒಬ್ಬ ಹುಡುಗಿ ಬೇಕು, ಫೋನಿನಲ್ಲಿ ಮಾತಾಡಬೇಕು, ಬುಕಿಂಗ್ ನೋಡಬೇಕು ಎಂದರು. ಒಬ್ಬಳೇ ಒಬ್ಬಳು. ನಾವಿಬ್ಬರೂ ಬಯೋಡಾಟಾ ಕೊಟ್ಟೆವು. ಅಲ್ಲಿದ್ದವನು ಗೆಳತಿಯ ಊರಿನ ಹೆಸರು ಓದಿ, "ಹತ್ತರ ಆತಲ್ಲ," ಎಂದ. ಅಷ್ಟೇ. ತಿರುಗಿ ಬರುವ ಬಸ್ಸಿನಲ್ಲಿ ಅವಳು ಆ ಮಾತನ್ನು ಹಾದಿಯುದ್ದಕ್ಕೂ ಹಿಡಿದುಕೊಂಡು ಕುಳಿತಿದ್ದಳು.

"ನಿನಗ ಸಿಕ್ರೂ ನನಗ ಸಿಟ್ಟಿಲ್ಲ," ಎಂದಳು ನಡುವೆ.

"ನನಗೂ," ಎಂದೆ. ಇಬ್ಬರ ಮಾತೂ ಅರ್ಧ ನಿಜ.

ಕರೆ ಬಂದಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಶೇಂಗಾ ಚೀಲ ಬಿಚ್ಚುತ್ತಿದ್ದೆ. ಎರಡನೇ ಸಿಮ್ಮಿನ ಕರೆ. ಗಂಡಸಿನ ದನಿ ಅವಳ ಹೆಸರು ಹೇಳಿ, "ನೀವ ಏನ್ರಿ ಮಾತಾಡೂದು?" ಎಂದು ಕೇಳಿತು.

"ಹೌದ್ರಿ, ನಾನ."

ಅದು ರೂಢಿ. ರಿಸಾರ್ಟಿನ ಮ್ಯಾನೇಜರ್ ಎಂದು ಆತ ಹೇಳಿದ್ದು ಅದರ ನಂತರ. ಆಗಲೇ ತಿದ್ದಬಹುದಿತ್ತು. ಅವಳು ಊರಲ್ಲಿದ್ದಾಳೆ, ನಾಳೆ ಮಾತಾಡಿಸುತ್ತೇನೆ ಎನ್ನಬಹುದಿತ್ತು. ಆದರೆ ಆತ ತಡಮಾಡಲಿಲ್ಲ.

"ಈಗ ನಾನ ಗಿರಾಕಿ ಅಂತ ತಿಳ್ಕೊರಿ. ಪುಣೆದಿಂದ ಮಂದಿ ಕಟ್ಕೊಂಡ ಬಂದೇನಿ. ಡ್ಯಾಮಿನ್ಯಾಗ ನೀರ ಬಿಟ್ಟಿಲ್ಲ, ರಾಫ್ಟಿಂಗ್ ಬಂದ್. ನಾ ಸಿಟ್ಟಿಗೆದ್ದೇನಿ. ನೀವು ಏನಂತೀರಿ?"

ನಾನು ಮಾತಾಡಿದೆ. ಮೊದಲು ಕನ್ನಡದಲ್ಲಿ, ಆತ ಹಿಂದಿಗೆ ಹೊರಳಿದಾಗ ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ನದಿಯ ಸುರಕ್ಷತೆ ಹೇಳಿದೆ, ಬದಲಿಗೆ ಕಾಡಿನ ನಡಿಗೆ ಇದೆ ಎಂದೆ, ಹಣ ಮರಳಿಸುವ ಮಾತನ್ನು ಮೆತ್ತಗೆ ಕೊನೆಗಿಟ್ಟೆ. ಸಾಮಾನ್ಯವಾಗಿ ನಾಲ್ಕು ಮಂದಿಯ ಎದುರು ಬಾಯಿ ತೆರೆಯದವಳು ನಾನು. ಅಂದು ಮುಖ ಕಾಣದ ಆ ಮನುಷ್ಯನ ಎದುರು, ಇನ್ನೊಬ್ಬಳ ಹೆಸರಿನ ಹಿಂದೆ ನಿಂತು, ಸರಾಗವಾಗಿ ಮಾತಾಡಿದೆ. ಆತ ನಕ್ಕು, "ಭಾಳ ಚಲೋ ಹೇಳಿದ್ರಿ. ಶುಕ್ರವಾರ ಬಂದ್ಬಿಡ್ರಿ, ಮುಖಾ ನೋಡಿ ಮುಗಸೂಣು," ಎಂದ.

ಆ ಹೊತ್ತಿನುದ್ದಕ್ಕೂ ಗೆಳತಿ ನನ್ನ ನೆನಪಿಗೆ ಬಂದಿರಲಿಲ್ಲ. ಅವಳಿಗಾಗಿ ಮಾತಾಡಿದೆ ಎಂದು ಆಮೇಲೆ ಹೇಳಿಕೊಂಡದ್ದಿದೆ. ಅದು ನಿಜವಲ್ಲ. ನನ್ನನ್ನು ಯಾರೋ ಮೆಚ್ಚಿಕೊಳ್ಳುತ್ತಿದ್ದರು, ಅದು ಹಿತವಾಗಿತ್ತು.

ಶೇಂಗಾ ಅಳೆಯಲು ಮತ್ತೆ ಕುಳಿತಾಗ ಫೋನು ಇನ್ನೊಮ್ಮೆ ಬಡಿದುಕೊಂಡಿತು. ಈ ಸಲ ಮೊದಲ ಸಿಮ್, ನನ್ನದು. ಅದೇ ನಂಬರು. ಆತ ಎರಡನೇ ಬಯೋಡಾಟಾಕ್ಕೆ ಬಂದಿದ್ದ. ಎತ್ತಿದರೆ ದನಿ ಗೊತ್ತಾಗುತ್ತದೆ, ಅವಳ ಕೆಲಸ ಹೋಗುತ್ತದೆ. ಇಲ್ಲವೇ ಎತ್ತಿ ಇದ್ದದ್ದನ್ನು ಹೇಳಬೇಕು. ನಾನು ಎರಡನ್ನೂ ಮಾಡಲಿಲ್ಲ. ಫೋನನ್ನು ಚೀಲದ ಮೇಲಿಟ್ಟು ಅದು ಸುಮ್ಮನಾಗುವವರೆಗೆ ನೋಡುತ್ತ ನಿಂತೆ.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. "ಯಾರ್ದು? ಯಾಕ ಎತ್ತಲಿಲ್ಲ?"

"ರಾಂಗ್ ನಂಬರ್."

"ಎತ್ತದ ಹೆಂಗ ಗೊತ್ತಾತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಸಂಜೆ ವಸ್ತಿ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿದೆ. ಮರುದಿನ ಮುಂಜಾನೆ ಅವಳು ಒದ್ದೆ ಕೊಡೆ ಹಿಡಿದು ಅಂಗಡಿಯ ಮುಂದೆ ನಿಂತಿದ್ದಳು. ಹಿಂದಿನ ಕೋಣೆಯಲ್ಲಿ ಕೂರಿಸಿ, ಅವಳಿಗೆ ಬಂದ ಕರೆಯ ವಿಷಯ ಹೇಳಿದೆ. ನನಗೆ ಬಂದದ್ದನ್ನು ಹೇಳಲಿಲ್ಲ.

ಮೊದಲು ನಕ್ಕಳು. "ಅಂದ್ರ ನಾ ಪಾಸಾದೆ. ನನಗ ಗೊತ್ತಾಗದ." ಆಮೇಲೆ ನಗು ನಿಂತಿತು. "ಇಂಗ್ಲಿಷ್‌ನ್ಯಾಗೂ ಮಾತಾಡ್ಯೇನೇನು ನಾ?"

"ಸ್ವಲ್ಪ."

"ಅಗೊ, ನಾ ಹೋಗಿ ಬಾಯಿ ತೆರದ ಕೂಡ್ಲೆ ಅವರಿಗೆ ಗೊತ್ತಾಗ್ತೈತಿ. ನನ್ನ ದನಿ ಕೇಳಿಲ್ಲ ನೀ? ಕಪ್ಪಿ ದನಿ."

ಅವಳ ದನಿ ದಪ್ಪ, ಕನ್ನಡದಲ್ಲಿ ಕೊಂಕಣಿಯ ಎಳೆ ಇರುತ್ತದೆ. ನನಗೆ ಅದು ಯಾವಾಗಲೂ ಇಷ್ಟವಾದ ದನಿ. ಅದನ್ನು ಹೇಳುವ ಬದಲು, "ಎರಡು ದಿನ ಐತಿ, ಕಲೀಬಹುದು," ಎಂದೆ.

ಈಗ ನೆನೆದರೆ ಕರೆಗಿಂತ ಆ ಎರಡು ದಿನಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಅವಳು ನಮ್ಮ ಮನೆಯಲ್ಲೇ ಉಳಿದಳು. ನಾನು ಗಿರಾಕಿಯಾದೆ, ಅವಳು ಡೆಸ್ಕಿನವಳಾದಳು. ನಾನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳ ಬಾಯಿಗೆ ಇಡುತ್ತ ಹೋದೆ.

"ತೊಂದರೆ ಆಗಿದ್ದಕ್ಕ ಕ್ಷಮಿಸ್ರಿ ಅಂತ ಮೊದ್ಲ ಹೇಳ್ಬೇಕು," ಎಂದೆ.

"ಡ್ಯಾಮಿನವ್ರು ನೀರ ಬಿಡದಿದ್ರ ನಾ ಯಾಕ ಕ್ಷಮಾ ಕೇಳ್ಲಿ? ಗೇಟಿನ ಚಾವಿ ನನ್ನ ಸೆರಗಿನ್ಯಾಗ ಐತೇನು?"

"ಹಂಗ ಅನ್ನಬಾರ್ದು."

"ಗೊತ್ತೈತಿ. ನಿನ್ನ ಮುಂದ ಅಂದೆ."

ಆದರೂ ನಾನು ಬಿಡಲಿಲ್ಲ. ಹಾಗಲ್ಲ, ಹೀಗೆ ಎಂದು ತಿದ್ದಿದೆ. ದನಿ ಸ್ವಲ್ಪ ಮೇಲೆತ್ತು ಎಂದೆ. ಅವಳು ಎತ್ತಿದಳು, ಅದು ಸೀಳಿತು. ಅಜ್ಜಿ ಒಲೆಯ ಮುಂದಿನಿಂದ, "ಆಕಳಿಗೆ ಎಮ್ಮಿ ಹಂಗ ಒದರಾಕ ಕಲಸಾಕತ್ತಿಯಲ್ಲ, ಹಾಲು ಏನ್ ಬ್ಯಾರೆ ಬರ್ತಾವೇನು?" ಎಂದಳು. ಗೆಳತಿ ಜೋರಾಗಿ ನಕ್ಕಳು, ತನ್ನದೇ ದನಿಯಲ್ಲಿ. ಗಂಟಲು ಕೆಟ್ಟಿದೆ, ಥಂಡಿಯಾಗಿದೆ ಎಂದು ಹೇಳುವುದೆಂದು ಕೊನೆಗೆ ಗೊತ್ತುಮಾಡಿಕೊಂಡೆವು.

ಶುಕ್ರವಾರ ಗಣೇಶಗುಡಿಯಲ್ಲಿ ಮಳೆ ಬಿಟ್ಟಿತ್ತು. ರಿಸಾರ್ಟಿನ ಅಂಗಳದಲ್ಲಿ ರಾಫ್ಟುಗಳನ್ನು ತಲೆಕೆಳಗಾಗಿ ಒಣಹಾಕಿದ್ದರು. ಅವಳು ಆಫೀಸಿನೊಳಗೆ ಹೋದಳು. ನಾನು ಕಿಟಕಿಯ ಹೊರಗಿನ ಬೆಂಚಿನ ಮೇಲೆ ಕುಳಿತೆ. ಜೊತೆಗೆ ಬಂದ ಅಕ್ಕ ಎಂದು ಹೇಳಬೇಕು, ಬಾಯಿ ಬಿಡಬಾರದು, ಅದು ನಮ್ಮ ಒಪ್ಪಂದ. ಒಳಗಿನದೆಲ್ಲ ಕೇಳಿಸುತ್ತಿತ್ತು.

"ಫೋನ್‌ನ್ಯಾಗ ಭಾಳ ಚಂದ ಮಾತಾಡಿದ್ರಿ. ಇವತ್ತ ಯಾಕ ಗಂಟಲಾ ಬಿದ್ದೈತಿ?" ಮ್ಯಾನೇಜರ್ ಕೇಳಿದ.

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು.

"ಗಂಟಲಾ ಸರಿ ಐತ್ರಿ," ಎಂದಳು ಅವಳು. "ಅವತ್ತ ಮಾತಾಡಿದಾಕಿ ನಾನಲ್ಲ. ನನ್ನ ಗೆಳತಿ. ಹೊರಗ ಕುಂತಾಳ."

ನನ್ನನ್ನು ಒಳಗೆ ಕರೆದರು. ಮ್ಯಾನೇಜರ್ ನಡುವಯಸ್ಸಿನವನು, ಬೆಳಗಾವಿ ಕಡೆಯವನಿರಬೇಕು. ಬೈಯಲಿಲ್ಲ. ನಾನು ನನ್ನ ಹೆಸರು ಹೇಳಿದಾಗ ಮೇಜಿನ ಮೇಲಿನ ಕಾಗದಗಳನ್ನು ತಿರುವಿದ.

"ನಿಮಗೂ ಫೋನ್ ಮಾಡಿದ್ನಲ್ಲ. ನೀವು ಎತ್ತಲಿಲ್ಲ."

ಗೆಳತಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿನ ನದಿಯ ಚಿತ್ರ ನೋಡಿದೆ.

"ಭಾರೀ ಜೋಡಿ ನಿಮ್ದು," ಎಂದು ಆತ ನಕ್ಕ. ಆಮೇಲೆ ನನ್ನ ಕಡೆ ತಿರುಗಿ ವ್ಯವಹಾರದ ದನಿಗೆ ಬಂದ. "ನೋಡ್ರಿ, ಡೆಸ್ಕಿಗೆ ನೀವು ಬರ್ರಿ. ಇವ್ರಿಗೆ ಹೌಸ್‌ಕೀಪಿಂಗ್‌ನ್ಯಾಗ ಜಾಗಾ ಐತಿ. ರೂಮು, ಚಾದರಾ, ಇಷ್ಟ. ಊರೂ ಹತ್ತರ. ಇಬ್ರಿಗೂ ಆತು."

ಅವಳ ಬಯೋಡಾಟಾ ಅವನ ಕೈ ಕೆಳಗೇ ಇತ್ತು. ಅದರಲ್ಲಿ ಅವಳ ಅಂಕಗಳು ನನ್ನವಕ್ಕಿಂತ ಹೆಚ್ಚಿದ್ದವು. ಆ ಮಾತನ್ನು ನಾನು ಆಡಬೇಕಿತ್ತು. ಇಷ್ಟು ದಿನ ಅವಳ ಪರವಾಗಿ ಅಷ್ಟೆಲ್ಲ ಮಾತಾಡಿದವಳಿಗೆ ಅಲ್ಲಿ ಬಾಯಿ ಬರಲಿಲ್ಲ.

"ನಾ ನಾಳಿಂದ ಬರ್ತೇನ್ರಿ," ಎಂದಳು ಅವಳು.

"ನಾ ಮನ್ಯಾಗ ಕೇಳಿ ಹೇಳ್ತೇನ್ರಿ," ಎಂದೆ ನಾನು.

ಬಸ್ಸಿಗೆ ಕಾಯುವ ತಗಡಿನ ಶೆಡ್ಡಿನ ಕೆಳಗೆ ಅವಳು ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದಳು. ನಾನೇ ಶುರು ಮಾಡಿದೆ.

"ನಾ ಆ ಫೋನ್ ಎತ್ತಿದ್ರ ನಿನ್ನ ಕೆಲಸ ಹೋಗ್ತಿತ್ತು."

"ಅದಕ್ಕ ಅಲ್ಲ ನನಗ ಸಿಟ್ಟು. ಹೇಳಲಿಲ್ಲಲ್ಲ, ಅದಕ್ಕ." ಆಮೇಲೆ, "ಮನ್ಯಾಗ ಏನ್ ಕೇಳ್ತಿ? ಮೇಳಕ್ಕ ನಿಮ್ಮಪ್ಪ ತಾವ ಬಸ್ಸಿಗೆ ಕುಂದ್ರಿಸಿ ಕಳಿಸಿದ್ರು."

"ನೀ ಚಾದರಾ ಬದಲಿ ಮಾಡೂ ಕಡೆ ನಾ ಕುರ್ಚಿ ಮ್ಯಾಲ ಹೆಂಗ ಕೂಡ್ಲಿ?"

"ಯಾಕ, ಕುರ್ಚಿಗೆ ಮುಳ್ಳ ಐತೇನು?"

ಅವಳ ಊರಿನ ಕಡೆಯ ಟೆಂಪೋ ಬಂತು. ಹತ್ತುವ ಮೊದಲು ಕೈ ಚಾಚಿದಳು. ನಾನು ಪಿನ್ನಿನಿಂದ ಸಿಮ್ ಕಳಚಿ ಕೊಟ್ಟೆ. "ಇಲ್ಲಿ ಸಿಗ್ನಲ್ ಐತಿ. ಇನ್ನ ನನ್ನ ಫೋನ್ ನಾನ ಎತ್ತತೇನಿ. ನನ್ನ ಹೆಸರ್ಲೆ ಕೆಲಸ ಇಲ್ಲ ಅಂತ ಇನ್ನ ಒತ್ತಬ್ಯಾಡ," ಎಂದಳು.

ಎರಡು ದಿನ ಬಿಟ್ಟು ಮ್ಯಾನೇಜರನಿಗೆ ಫೋನ್ ಮಾಡಿ, ಬರಲಾಗುವುದಿಲ್ಲ ಎಂದು ಹೇಳಿದೆ. ಕಾರಣ ಕೇಳಿದ. ಮನೆಯಲ್ಲಿ ತೊಂದರೆ ಎಂದೆ. ಮನೆಯಲ್ಲಿ ಯಾರಿಗೂ ಹೇಳಿಯೇ ಇರಲಿಲ್ಲ. ಅವಳಿಗಾಗಿ ಬಿಟ್ಟೆ ಎಂಬ ಸಮಾಧಾನ ಒಂದು ವಾರ ಇತ್ತು. ಆಮೇಲೆ ಘೋಷಣೆಯ ದಿನ ಬಂತು. ನನಗೆ ಕೆಲಸ ಸಿಕ್ಕಿಲ್ಲ ಎಂಬ ಸಾಲಿನ ಮುಂದೆ ಗುರುತು ಹಾಕಬೇಕು. ಸಿಕ್ಕಿತ್ತು. ಬೇಡ ಎಂದಿದ್ದೆ. ಬೇಡ ಎಂದವರಿಗೆ ಬೇರೆ ಸಾಲು ಆ ಪುಟದಲ್ಲಿ ಇರಲಿಲ್ಲ, ಸಿಗದವರಿಗೂ ಅವರಿಗೂ ಒಂದೇ ಸಾಲು. ನಾನು ಗುರುತು ಹಾಕದೆ ಪುಟ ಮುಚ್ಚಿದೆ. ಹಣ ನಿಂತಿತು. ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ಮನೆಯಲ್ಲಿ ಅಪ್ಪ, ಹಣ ಯಾಕೆ ಬಂದಿಲ್ಲ ಎಂದು ಕೇಳಿದಾಗ ಸರ್ವರ್ ತೊಂದರೆ ಎಂದು ಇನ್ನೊಂದು ಸುಳ್ಳು ಸೇರಿತು.

ಗಣಪತಿ ಹಬ್ಬ ಮುಗಿದ ಮೇಲಿನ ಸಂತೆಗೆ ಅವಳು ಬಂದಳು. ಅವಳು ಇನ್ನು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಕೈಯ ಚರ್ಮ ಸಾಬೂನಿಗೆ ಬಿಳಿಚಿತ್ತು. ಅಜ್ಜಿಗೆಂದು ಮುರುಗಲ ಸಿಪ್ಪೆ ತಂದಿದ್ದಳು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತೆವು.

"ಮಾವಶಿ ಹೋದ್ಲು," ಎಂದಳು. "ನನ್ನ ಬಿಟ್ಟ ಹೋದ್ಲು."

"ಚಲೋ ಆತಲ್ಲ."

"ಏನ್ ಕೆಲಸ ಸಿಕ್ಕೈತಿ ಅಂತ ಕೇಳಿದ್ಲು. ರಿಸಾರ್ಟಿನ್ಯಾಗ ಅಂದೆ. ರಿಸಾರ್ಟಿನ್ಯಾಗ ಏನಂತ ಕೇಳಿದ್ಲು. ನೀ ಮಾಡೂದ, ಮಾವಶಿ, ಆದ್ರ ಮನಿ ಹತ್ತರ, ಅಂದೆ." ಸಿಪ್ಪೆಯ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. "ಅಕಿ ನಗಲಿಲ್ಲ. ಮೂರು ವರ್ಷ ಹಾಸ್ಟೆಲ್ಲಿನ್ಯಾಗ ಏನ್ ಕಲ್ತಿ ಹಂಗಾರ, ಅಂದ್ಲು."

ನನ್ನಿಂದ ಆಯಿತು ಎಂದು ಶುರುಮಾಡಿದೆ. ಅವಳು ಕೈ ಎತ್ತಿ ತಡೆದಳು.

"ಅದನ್ನ ಹೇಳಾಕ ಬರಬ್ಯಾಡ. ನಿನಗ ಕೆಟ್ಟ ಅನಿಸಿದ್ರ ನನಗೇನ್ ಸಿಗ್ತೈತಿ? ನಿನ್ನ ಬದ್ಲಿ ಡೆಸ್ಕಿಗೆ ಬಂದ ಹುಡುಗ ಬಿಟ್ಟ ಹೋದ. ದಸರಾ ರಜಾ ಬರಾಕತ್ತೈತಿ, ಮ್ಯಾನೇಜರ್ ತಲಿ ಕೆಟ್ಟೈತಿ. ಸೋಮವಾರ ಬಾ."

"ನೀನ ಕೇಳು ಆ ಜಾಗಾ."

"ಕೇಳ್ದೆ. ಕಂಪ್ಯೂಟರ್ ಬರ್ತೈತೇನು ಅಂದ್ರು. ಕಾಲೇಜಿನ್ಯಾಗ ಕಲ್ತದ್ದು ಆ ಬುಕಿಂಗಿಗೆ ಬರೂದಿಲ್ಲ. ಆ ಹುಡುಗ ಮುಟ್ಟಾಕ ಕೊಡ್ತಿರಲಿಲ್ಲ. ನೀ ಬಂದ್ರ ಕಲಸ್ತಿ." ನನ್ನ ಮುಖ ನೋಡಿ ಮುಂದುವರಿಸಿದಳು. "ನಿನ್ನಂಗ ಮಾತಾಡೂದಲ್ಲ. ಮಾತು ನನಗ ಬರ್ತೈತಿ. ಬುಕಿಂಗ್ ಹೆಂಗ ಹಾಕ್ತಾರ, ಅದು. ಬರದಿದ್ರ ಬರಬ್ಯಾಡ. ಆದ್ರ ನನ್ನ ಸಲುವಾಗಿ ಬಿಟ್ಟೆ ಅಂತ ಎಲ್ಲೂ ಹೇಳಬ್ಯಾಡ."

ಸೋಮವಾರ ಹೋದೆ.

ಮೊದಲ ದಿನ ಹನ್ನೊಂದರ ಹೊತ್ತಿಗೆ ಹುಬ್ಬಳ್ಳಿಯ ಒಂದು ಕುಟುಂಬ ಬಂತು. ಗಂಡ ಡೆಸ್ಕಿಗೆ ಬಂದು ಚಾದರ ಹಸಿ ವಾಸನೆ ಹೊಡೆಯುತ್ತಿದೆ ಎಂದ. ಗೆಳತಿ ಆಚೆ ವರಾಂಡದಲ್ಲಿ ಬಕೆಟ್ ಹಿಡಿದು ಹೋಗುತ್ತಿದ್ದಳು, ನೀಲಿ ಅಂಗಿಯ ಸಮವಸ್ತ್ರದಲ್ಲಿ. ನಾನು ಅವಳನ್ನು ಕರೆಯಬೇಕಾಗಿತ್ತು. ಐದಾರು ವರ್ಷಗಳಲ್ಲಿ ನಾನು ಅವಳನ್ನು ಏ ಎಂದಲ್ಲದೆ ಬೇರೆ ರೀತಿ ಕರೆದಿರಲಿಲ್ಲ. ಗಿರಾಕಿಯ ಎದುರು ಹಾಗೆ ಕರೆದರೆ ಅದು ಕೆಲಸದವಳನ್ನು ಕರೆದಂತೆ ಕೇಳಿಸುತ್ತದೆ ಎಂದು ಆ ಕ್ಷಣಕ್ಕೆ ಹೊಳೆಯಿತು.

"ಸ್ವಲ್ಪ ಆ ರೂಮಿನ ಚಾದರಾ ಬದಲಿ ಮಾಡ್ತೀರೇನ್ರಿ," ಎಂದೆ.

ಅವಳು ನಿಂತಳು. "ಹೂಂ, ಮೇಡಂ," ಎಂದಳು. ಚುಚ್ಚುವ ದನಿ ಇರಬಹುದೆಂದು ನಾನು ಕಿವಿಗೊಟ್ಟೆ. ಇರಲಿಲ್ಲ. ಅಲ್ಲಿ ಎಲ್ಲರೂ ಡೆಸ್ಕಿನವರಿಗೆ ಹಾಗೆಯೇ ಅನ್ನುತ್ತಾರೆ.

ಮಧ್ಯಾಹ್ನ ಡೆಸ್ಕಿನವರ ಊಟ ತಟ್ಟೆಯಲ್ಲಿ ಮುಂದಕ್ಕೇ ಬರುತ್ತದೆ. ಉಳಿದವರು ಅಡುಗೆಮನೆಯ ಹಿಂದೆ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ನಾನು ತಟ್ಟೆ ಹಿಡಿದು ಹಿಂದಕ್ಕೆ ಹೋದೆ. ಐದಾರು ಹೆಂಗಸರು ಕೊಂಕಣಿಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು, ಅವಳ ನಗುವೇ ಜೋರು. ನನ್ನನ್ನು ಕಂಡು ಎಲ್ಲರೂ ಸುಮ್ಮನಾದರು. ಒಬ್ಬಳು ಎದ್ದು ನಿಲ್ಲಲು ಹೋದಳು.

ಗೆಳತಿ ಕೈ ತೊಳೆಯದೆ ಎದ್ದು ಬಂದು ನನ್ನನ್ನು ಬಾಗಿಲಾಚೆ ನಿಲ್ಲಿಸಿದಳು.

"ಇಲ್ಲಿ ಬರಬ್ಯಾಡ ಗೊ. ನೀ ಬಂದ್ರ ಇವ್ರು ಮಾತಾಡೂದಿಲ್ಲ, ಉಣ್ಣೂದೂ ಇಲ್ಲ. ನಾಲ್ಕಕ್ಕ ನನ್ನ ಕೆಲಸ ಮುಗೀತೈತಿ. ಆಗ ಬರ್ತೇನಿ, ಕಂಪ್ಯೂಟರ್ ತೆರದ ಇಡು."

ನಾನು ತಟ್ಟೆ ಹಿಡಿದು ಮುಂದಕ್ಕೆ ಬಂದು, ಕುರ್ಚಿಯ ಮೇಲೆ ಕುಳಿತು ಒಬ್ಬಳೇ ಉಂಡೆ. ಹಿಂದಿನಿಂದ ಮತ್ತೆ ನಗು ಕೇಳಿಸತೊಡಗಿತು. ಊಟ ಮುಗಿಸಿ ಕೈ ತೊಳೆದು, ಬುಕಿಂಗಿನ ಪುಟ ತೆರೆದು, ಅವಳಿಗೆ ಮೊದಲು ಯಾವುದನ್ನು ತೋರಿಸಬೇಕೆಂದು ನೋಡುತ್ತ ಕುಳಿತೆ.